ಮುನಿರಾಜುವಿನ ಗಿಟಾರು

ಪಕ್ಕದ ಮನೆಯವರು ಹಳೆಯ ಮನೆ ಕೆಡವಿಸಿ ಹೊಸದು ಕಟ್ಟಿಸುತ್ತಿದ್ದಾರೆ. ಸೂರಿನಿಂದ ಇಳಿಸಿದ ಹೆಂಚುಗಳನ್ನು ನಮ್ಮ ಕಾಂಪೌಂಡಿಗೆ ಒರಗಿಸಿ ಜೋಡಿಸಿಟ್ಟಿದ್ದರು. ಮೊನ್ನೆ ಸಂಜೆ ಮಳೆ ಬಿದ್ದಾಗ ಆ ರಾಶಿಯಿಂದ ಸುಟ್ಟ ಮಣ್ಣು ನೀರು ಕುಡಿಯುವ ವಾಸನೆ ಎದ್ದಿತು. ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಕುಡಿಯಲಾಗಲಿಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ನಾನಿದ್ದಾಗಿನ ಒಂದು ವರ್ಷ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ, ಇದೇ ವಾಸನೆಯಲ್ಲಿ ಕಳೆದದ್ದು. ಮನೆಯವರಿಗೂ ನಾನು ಹೇಳದ ವರ್ಷ ಅದು.

ನಮ್ಮ ಊರು ಶ್ರೀನಿವಾಸಪುರ. ಪದವಿ ಮುಗಿಸಿ ಎರಡು ವರ್ಷ ಸುಮ್ಮನೆ ಅಲೆದ ಮೇಲೆ ಪರಿಚಯದವರೊಬ್ಬರ ಮಾತಿನಿಂದ ಮಾಲೂರಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಯಾವ ಲಾರಿಗೆ ಎಷ್ಟು ಹೆಂಚು ಹೋಯಿತು ಎಂದು ಬರೆದಿಡುವುದು ನನ್ನ ಕೆಲಸ. ಮುನಿರಾಜು ಹೆಂಚು ಒತ್ತುವ ಪ್ರೆಸ್ಸಿನ ಮುಂದೆ ಕೂರುತ್ತಿದ್ದ. ಕಲಸಿದ ಮಣ್ಣಿನ ಹಲಗೆಗೆ ಎಣ್ಣೆ ಸವರಿ ಅಚ್ಚಿನಲ್ಲಿಟ್ಟು ಕೈ ತೆಗೆಯಬೇಕು, ಮೇಲಿನ ಅಚ್ಚು ಬಂದು ಒತ್ತುತ್ತದೆ, ಹೆಂಚನ್ನು ಎತ್ತಿ ಪಕ್ಕಕ್ಕೆ ಕೊಡಬೇಕು. ದಿನವಿಡೀ ಇದೇ. ಅವನು ಅದನ್ನು ತಾಳ ಹಾಕಿಕೊಂಡು ಮಾಡುತ್ತಿದ್ದ. ಲಕ್ಕೂರಿನ ಕಡೆಯವನು, ಮನೆ ಮಾತು ತೆಲುಗು. ‘ಒಕಟಿ, ರೆಂಡು, ಮೂಡು, ನಾಲುಗು’ ಎಂದು ಗುನುಗುತ್ತ ನಾಲ್ಕಕ್ಕೆ ಕೈ ತೆಗೆಯುತ್ತಿದ್ದ.

ಅವನಿಗೆ ಗಿಟಾರು ಬರುತ್ತದೆಂದು ಗೊತ್ತಾದದ್ದು ನನ್ನ ಕೋಣೆಯಲ್ಲಿ. ನಾನು ಕಾಲೇಜಿನಲ್ಲಿದ್ದಾಗ ಹಠ ಹಿಡಿದು ಕೊಡಿಸಿಕೊಂಡ ಒಂದು ಸಾಧಾರಣ ಗಿಟಾರು ಗೋಡೆಗೆ ನೇತಾಡುತ್ತಿತ್ತು. ಏನೋ ಕಾಗದ ಕೊಡಲು ಬಂದವನು ಅದನ್ನು ನೋಡಿ, ಕೈ ತೊಳೆದುಕೊಂಡು ಬರುತ್ತೇನೆಂದು ಹೇಳಿ ಹೋಗಿ, ಉಗುರಿನ ಸಂದಿಯ ಮಣ್ಣನ್ನೂ ತೆಗೆದು ಬಂದು ಕೂತ. ಕಾಲೇಜಿನ ದಿನದಿಂದಲೂ ನನ್ನ ಕೈಯಲ್ಲಿ ಡಬ್ಬದಂತೆ ಸದ್ದು ಮಾಡುತ್ತಿದ್ದ ಅದೇ ಗಿಟಾರು ಅವನ ಕೈಯಲ್ಲಿ ಹಾಡಿತು. ಸೋದರಮಾವ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಅಡುಗೆಯವನಾಗಿದ್ದನಂತೆ. ಮಾವನ ಮನೆಯಲ್ಲಿದ್ದ ನಾಲ್ಕು ವರ್ಷ, ವಿಕ್ಟರ್ ಎಂಬ ಆಂಗ್ಲೋ ಇಂಡಿಯನ್ ಮೇಸ್ತ್ರಿಯೊಬ್ಬರು ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ಆಮೇಲೆ ಮಾವ ತೀರಿಕೊಂಡ. ಇವನು ಮಣ್ಣಿನ ಕೆಲಸಕ್ಕೆ ಬಂದ.

ಅಂದಿನಿಂದ ಸಂಜೆಗಳಲ್ಲಿ ಅವನು ನುಡಿಸುತ್ತಿದ್ದ, ನಾನು ಹಾಡುತ್ತಿದ್ದೆ. ಕಾರ್ಖಾನೆಯಲ್ಲಿ ನನ್ನನ್ನು ‘ಸಾರ್’ ಎನ್ನುತ್ತಿದ್ದವನು ಕೋಣೆಯೊಳಗೆ ಬಂದರೆ ‘ಲೇ ಸೀನ’ ಎನ್ನುತ್ತಿದ್ದ. ಹಾಗೆ ಕರೆಸಿಕೊಳ್ಳುವುದು ನನಗೆ ಇಷ್ಟವಾಗಿತ್ತು. ನಾನು ದೊಡ್ಡ ಮನಸ್ಸಿನವನು ಅಂತ ಅನ್ನಿಸುತ್ತಿತ್ತು.

ಕೋಲಾರದಲ್ಲಿ ಕೆಲವು ಉತ್ಸಾಹಿಗಳು ಸೇರಿ ಒಂದು ಸಭಾಂಗಣದಲ್ಲಿ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಹಾಡುಗಾರಿಕೆ ಇಡುತ್ತಿದ್ದರು. ಯಾರು ಬೇಕಾದರೂ ಹೆಸರು ಬರೆಸಿ ಎರಡು ಹಾಡು ಹಾಡಬಹುದು. ಗಣೇಶನ ಹಬ್ಬಕ್ಕೆ ಊರೂರು ತಿರುಗುವ ಆರ್ಕೆಸ್ಟ್ರಾದವರು ಅಲ್ಲಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಜನರನ್ನು ಆರಿಸುತ್ತಿದ್ದರು. ಮೇ ತಿಂಗಳಲ್ಲಿ ನಾವೂ ಹೋದೆವು. ಇದ್ದದ್ದು ಎರಡು ಮೈಕು. ಒಂದು ನನ್ನ ಬಾಯಿಗೆ, ಒಂದು ಗಿಟಾರಿನ ಹೊಟ್ಟೆಗೆ. ಅವನು ಹತ್ತಿರ ಹೋದರೆ ಮೈಕು ಕೀ ಎಂದು ಕೂಗಿತು, ಹಿಂದೆ ಸರಿದರೆ ಗಿಟಾರು ನುಡಿಯುತ್ತಿದೆಯೆಂದೇ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಸಾಲಿನವರು ನಕ್ಕರು. ಒಬ್ಬ ಕಿವಿ ಮುಚ್ಚಿಕೊಂಡು ತೋರಿಸಿದ. ಅರ್ಧ ಹಾಡಿಗೆ ಇಳಿದು ಬಂದೆವು. ಬಸ್ಸಿನಲ್ಲಿ ಮುನಿರಾಜು, ವೈರು ಚುಚ್ಚುವ ಗಿಟಾರು ತಗೋಬೇಕು, ಅದೊಂದೇ ದಾರಿ ಎಂದ. ಒಳಗೆ ಪಿಕಪ್ ಇರುವಂಥದ್ದು. ತಂತಿ ಅದುರುವುದನ್ನು ಅದು ನೇರ ಆಂಪ್ಲಿಫೈಯರಿಗೆ ಕಳಿಸುತ್ತದೆ, ಮೈಕಿನ ತಂಟೆಯೇ ಇಲ್ಲ. ಅವನು ಎರಡು ವರ್ಷದಿಂದ ಚೀಟಿ ಕಟ್ಟುತ್ತಿದ್ದ. ತಂಗಿ ಮದುವೆಗೆ ಎಂದು ಶುರು ಮಾಡಿದ್ದು. ತಂಗಿ ಆ ವರ್ಷ ಕಾಮಾಲೆಯಲ್ಲಿ ಹೋಗಿಬಿಟ್ಟಿದ್ದಳು. ಆ ಹಣವನ್ನು ಮುಟ್ಟಲು ಅವನಿಗೆ ಮನಸ್ಸಿರಲಿಲ್ಲ. ಈಗ ಮುಟ್ಟಿದ.

ಮೊದಲು ಬೆಂಗಳೂರಿನ ಒಂದು ಅಂಗಡಿಗೆ ಹೋದೆವು. ಕೆಂಪು ಬಣ್ಣದ, ಕನ್ನಡಿಯಂತೆ ಹೊಳೆಯುವ ಗಿಟಾರು ಗಾಜಿನ ಹಿಂದೆ ಇತ್ತು. ಮುನಿರಾಜು ಕೈ ಚಾಚಿದಾಗ ಅಂಗಡಿಯವನು ಅವನ ಉಗುರು ನೋಡಿ, ಮುಟ್ಟಬೇಡ ಎಂದು ಗಿಟಾರನ್ನು ತೆಗೆದು ನನ್ನ ಕೈಗೆ ಕೊಟ್ಟ. ನಾನು ಬಿಳಿ ಶರ್ಟು ಹಾಕಿದ್ದೆ. ‘ಗಿಟಾರ್ ನುಡಿಸೋನು ಇವನು, ಇವನಿಗೆ ಕೊಡಿ’ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಗೊತ್ತಿದ್ದ ಮೂರು ಸ್ವರಗುಚ್ಛ ಹಿಡಿದು ಮೀಟಿದೆ, ಅಂಗಡಿಯವನು ತಲೆದೂಗಿದ. ಮುನಿರಾಜು ಬಗ್ಗಿ, ಬಡಗಿ ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನ ಉದ್ದಕ್ಕೂ ನೋಡಿದ. ಹೊರಗೆ ಬಂದ ಮೇಲೆ, ಕತ್ತು ಬಾಗಿದೆ ಎಂದ. ಮೇಲಿನ ಸ್ವರ ಹಿಡಿಯಬೇಕಾದರೆ ತಂತಿ ಬೆರಳನ್ನು ಕೊಯ್ಯುತ್ತದೆ. ಬಣ್ಣಕ್ಕೇ ಬೆಲೆ ಹಾಕಿದ್ದಾನೆ.

ಆಮೇಲೆ ಮುಳಬಾಗಿಲು. ಅಲ್ಲಿ ಗೌಸ್ ಸಾಹೇಬರು ಹಾರ್ಮೋನಿಯಂ, ರೇಡಿಯೋ ರಿಪೇರಿ ಮಾಡುತ್ತಿದ್ದರು. ಸಾಧಾರಣ ಗಿಟಾರಿಗೆ ಪಿಕಪ್ ಕೂರಿಸಿಕೊಡುತ್ತಾರೆಂದು ಕೇಳಿದ್ದೆವು. ನನ್ನ ಗಿಟಾರನ್ನೇ ಹೊತ್ತುಕೊಂಡು ಹೋದೆವು. ಸಾಹೇಬರು ಅದನ್ನು ಬೆರಳಿನಿಂದ ಬಡಿದು ನೋಡಿ, ನನ್ನ ಕಡೆ ತಿರುಗದೆ ಮುನಿರಾಜುವಿಗೇ ಹೇಳಿದರು. “ನೋಡು ಬೇಟಾ, ನಾನು ಮಾಡಿಕೊಡ್ತೀನಿ, ದುಡ್ಡು ತಗೋತೀನಿ. ಆದ್ರೆ ಮರದಾಗೆ ಇಲ್ದಿರೋ ಆವಾಜು ವೈರಾಗೆ ಎಲ್ಲಿಂದ ಬರ್ತದೆ? ಮೊದ್ಲು ವೈರ್ ಇಲ್ದೆ ಕೇಳು. ಚೆನ್ನಾಗಿದ್ರೆ ಆಮೇಲೆ ವೈರ್ ಚುಚ್ಚು.” ಅಲ್ಲದೆ ಆ ಸಭಾಂಗಣದ ಟ್ಯೂಬ್‌ಲೈಟಿಗೆ ತಾನು ಹಾಕುವ ಪಿಕಪ್ಪು ಗುಂಯ್ ಎನ್ನುತ್ತದೆ, ಬೇಡ ಎಂದರು. ವ್ಯಾಪಾರ ಬೇಡವೆಂದ ಅಂಗಡಿಯವರನ್ನು ನಾನು ಅವತ್ತೇ ನೋಡಿದ್ದು.

ಕೊನೆಗೆ ವಿಕ್ಟರ್ ಸಾರನ್ನೇ ಕೇಳೋಣ ಎಂದು ಮುನಿರಾಜು ಹೊರಟ. ಮಾಲೂರಿನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು ಗಣಿಯ ರೈಲು ಹಿಡಿದೆವು. ತಗಡಿನ ಮಾಡಿನ ಮನೆ, ಮುಂದೆ ಒಣಗಿದ ಗುಲಾಬಿ ಗಿಡ. ಅರ್ಧ ಸಾಮಾನು ಆಗಲೇ ಪೆಟ್ಟಿಗೆಗೆ ಸೇರಿತ್ತು. ಹೆಂಡತಿ ತೀರಿಕೊಂಡ ಮೇಲೆ ವಿಕ್ಟರ್ ವರ್ಷ ಮುಗಿಯುವುದರೊಳಗೆ ಆಸ್ಟ್ರೇಲಿಯಾದ ಮಗಳ ಬಳಿ ಹೋಗುವವರಿದ್ದರು. ಮುನಿರಾಜು ಅಂಗಡಿ ಅಂಗಡಿ ತಿರುಗಿದ್ದನ್ನು ಹೇಳಿದಾಗ ಅವರು ಎದ್ದು ಹೋಗಿ ಮಂಚದ ಕೆಳಗಿನಿಂದ ಒಂದು ಪೆಟ್ಟಿಗೆ ಎಳೆದರು. ಕಂದು ಬಣ್ಣದ ಹಳೆಯ ಗಿಟಾರು. ಬಲಗೈ ಉಜ್ಜಿ ಉಜ್ಜಿ ಹೊಟ್ಟೆಯ ಮೇಲಿನ ಬಣ್ಣ ಹೋಗಿ ಮರ ಬಿಳಿಚಿತ್ತು. ಎಂದೋ ಒಳಗೆ ಪಿಕಪ್ ಹಾಕಿಸಿ ಬದಿಯಲ್ಲಿ ಸದ್ದು ಏರಿಸಿ ಇಳಿಸುವ ಎರಡು ತಿರುಪು ಕೂರಿಸಿದ್ದರು. ಮುನಿರಾಜು ಗೌಸ್ ಸಾಹೇಬರು ಹೇಳಿದಂತೆ ಮೊದಲು ವೈರಿಲ್ಲದೆ ನುಡಿಸಿದ. ಒಂದೊಂದೇ ತಂತಿಯನ್ನು ಕೆಳಗಿನಿಂದ ಮೇಲಿನವರೆಗೆ ಒತ್ತುತ್ತ, ಎಲ್ಲಾದರೂ ಜುಂಯ್ ಎನ್ನುತ್ತದೆಯೇ ಎಂದು ಕಿವಿಗೊಟ್ಟ. ಎಲ್ಲೂ ಎನ್ನಲಿಲ್ಲ. ಆಮೇಲೆ ಅವರ ಹಳೆಯ ರೇಡಿಯೋಗೆ ವೈರು ಚುಚ್ಚಿದರು. ಇಡೀ ಮನೆ ತುಂಬಿತು. ವಿಕ್ಟರ್ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ಇವನ ಹತ್ತಿರ ಎಷ್ಟಿತ್ತೋ ಅಷ್ಟಕ್ಕೆ ಕೊಟ್ಟರು. ನನ್ನ ಕೈಗೆ ಅದನ್ನು ಯಾರೂ ಕೊಡಲಿಲ್ಲ.

ಜುಲೈ ಕೊನೆಯ ಭಾನುವಾರ ಕೋಲಾರದ ಆ ಸಭಾಂಗಣದಲ್ಲಿ ನಾನು ಹಾಡಿದೆ, ಅವನು ನುಡಿಸಿದ. ಎರಡನೆಯ ಹಾಡಿನ ನಡುವೆ ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವನು ಹತ್ತು ಹನ್ನೆರಡು ಸ್ವರ ಸೇರಿಸಿದ. ಜನ ಚಪ್ಪಾಳೆ ತಟ್ಟಿದ್ದು ಆ ಜಾಗಕ್ಕೆ. ನಾನು ಮತ್ತೆ ಹಾಡಲು ಬಾಯಿ ತೆರೆದಾಗಲೂ ಅದು ನಿಂತಿರಲಿಲ್ಲ. ಮುಗಿದ ಮೇಲೆ ಆರ್ಕೆಸ್ಟ್ರಾದ ಯಜಮಾನನೊಬ್ಬ ಬಂದು ನನ್ನೊಡನೆಯೇ ಮಾತಾಡಿದ, ಓದಿದವನಂತೆ ಕಂಡದ್ದಕ್ಕೆ. ಹಾಡುವವರು ನಮ್ಮಲ್ಲಿ ಇದ್ದಾರೆ, ಗಣೇಶನ ಹಬ್ಬಕ್ಕೆ ಗಿಟಾರಿನ ಹುಡುಗನನ್ನು ಕಳಿಸಿಕೊಡಿ ಎಂದ. ಸೀನ ಇಲ್ಲದೆ ಬರಲ್ಲ ಎಂದು ಮುನಿರಾಜು ಹೇಳಿದ. ಯಜಮಾನ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸರಿ, ಕೋರಸ್ಸಿಗೆ ಬರಲಿ ಎಂದ. ಆ ದಿನ ಮುನಿರಾಜು ನನಗೆ ಮಾಡಿದ ಉಪಕಾರಕ್ಕೆ ನಾನು ಅವನನ್ನು ಎಂದೂ ಕ್ಷಮಿಸಲಿಲ್ಲ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಹಸಿ ಹೆಂಚು ಒಣಗದೆ ಶೆಡ್ಡಿನಲ್ಲಿ ತುಂಬಿಕೊಂಡಿತು. ಬಿಸಿಲು ಕಂಡ ದಿನ ಪ್ರೆಸ್ಸನ್ನು ನಿಲ್ಲಿಸದೆ ಓಡಿಸುತ್ತಿದ್ದರು. ಅಂಥ ಒಂದು ಮಧ್ಯಾಹ್ನ, ಬೆಲ್ಟನ್ನು ಬದಲಿಸಿದ ಮೇಲೆ ಪ್ರೆಸ್ಸು ಎಂದಿಗಿಂತ ಸ್ವಲ್ಪ ವೇಗವಾಗಿ ತಿರುಗಿತಂತೆ. ಅವನ ನಾಲ್ಕನೆಯ ಎಣಿಕೆಗೆ ಮುಂಚೆಯೇ ಅಚ್ಚು ಇಳಿಯಿತು. ನಾನು ಆಫೀಸಿನಲ್ಲಿದ್ದೆ. ಹೆಂಗಸರು ಚೀರುವುದು ಕೇಳಿಸಿತು. ಓಡಿ ಬಂದವನೊಬ್ಬ, ಮುನಿರಾಜು ಕೈ ಹೋಯಿತು ಎಂದ. ನಾನು ಮೊದಲು ಕೇಳಿದ್ದು, ಯಾವ ಕೈ ಎಂದು.

ಎಡಗೈ. ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಹೆಬ್ಬೆರಳೂ ತೋರುಬೆರಳೂ ಉಳಿದಿದ್ದವು. ಗಿಟಾರಿನಲ್ಲಿ ಸ್ವರ ಹಿಡಿಯುವುದು ಎಡಗೈಯ ಬೆರಳುಗಳೇ.

ಅವನ ಸ್ವಂತ ಅಜಾಗರೂಕತೆಯಿಂದ ಆಯಿತು ಎಂದು ಮ್ಯಾನೇಜರು ಹೇಳಿ ಬರೆಸಿದರು. ನಾನು ಬರೆದೆ. ಅದು ನನ್ನ ಕೆಲಸವಾಗಿತ್ತು ಎಂದು ಇವತ್ತಿಗೂ ಹೇಳಿಕೊಳ್ಳಬಲ್ಲೆ. ಮುಂದೆ ಮಾಡಿದ್ದಕ್ಕೆ ಹಾಗೆ ಹೇಳಿಕೊಳ್ಳಲು ಏನೂ ಇಲ್ಲ.

ನಾಲ್ಕನೆಯ ದಿನ ಕೋಲಾರದ ಆಸ್ಪತ್ರೆಗೆ ಹೋದೆ. ಎರಡು ಮೋಸಂಬಿ ತಗೊಂಡಿದ್ದೆ. ಕೈಗೆ ತಲೆದಿಂಬಿನಷ್ಟು ದಪ್ಪ ಬ್ಯಾಂಡೇಜು. ಅವನ ಅವ್ವ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತು ಕೈ ಮುಗಿದಳು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಗಣೇಶನ ಹಬ್ಬಕ್ಕೆ ಮೂರೇ ವಾರ ಇದೆ, ಆರ್ಕೆಸ್ಟ್ರಾದವರು ಒಪ್ಪಿಕೊಂಡ ಕಾರ್ಯಕ್ರಮ ಬಿಡುವಂತಿಲ್ಲ, ಇಷ್ಟರಲ್ಲಿ ಬೇರೆಯವರು ಸಿಗುವುದಿಲ್ಲ, ನಿನ್ನಿಂದ ಕಲಿತಷ್ಟರಲ್ಲೇ ಗಿಟಾರಿಗೆ ನಾನೇ ಕೂರುತ್ತೇನೆ ಎಂದಿದ್ದೇನೆ ಎಂದು ಹೇಳಿದೆ. ಆಮೇಲೆ, “ನೀನು ಹೇಗೂ ಇನ್ನು...” ಎಂದು ನಿಲ್ಲಿಸಿದೆ.

ಮುನಿರಾಜು ಬ್ಯಾಂಡೇಜಿನ ಕಡೆ ನೋಡಿಕೊಂಡು ಹೇಳಿದ. “ತಗೊಂಡೋಗು. ಮನೇಲಿ ಟ್ರಂಕ್ ಹಿಂದೆ ಐತೆ. ನುಡಿಸಿದ್ಮೇಲೆ ತಂತಿ ಒರೆಸಿಡು, ತುಕ್ಕು ಹಿಡೀತದೆ.”

ಅವನು ಆಸ್ಪತ್ರೆಯಲ್ಲಿರುವಾಗಲೇ ಲಕ್ಕೂರಿನ ಹತ್ತಿರದ ಅವನ ಹಳ್ಳಿಗೆ ಹೋಗಿ ಗಿಟಾರು ತಂದೆ. ವೇಮಗಲ್ಲು, ಮುಳಬಾಗಿಲು, ಶ್ರೀನಿವಾಸಪುರ ಎಂದು ಆ ಹಬ್ಬದಲ್ಲಿ ಏಳೆಂಟು ಕಡೆ ನುಡಿಸಿದೆ. ನಮ್ಮೂರಿನಲ್ಲಿ ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ಗಿಟಾರು ಅಷ್ಟು ಚೆನ್ನಾಗಿತ್ತು, ನನ್ನ ತಪ್ಪುಗಳೂ ಅದರಲ್ಲಿ ಇಂಪಾಗಿ ಕೇಳುತ್ತಿದ್ದವು.

ಅಕ್ಟೋಬರಿನಲ್ಲಿ ಒಂದು ತಿರುಪು ಕರಕರ ಎನ್ನತೊಡಗಿತು. ಸರಿಮಾಡಿಸಲು ವಿಕ್ಟರ್ ಬಳಿ ಹೋದೆ. ಮುನಿ ಎಲ್ಲಿ ಎಂದು ಕೇಳಿದರು. ಹೇಳಿದೆ. ಅವರು ಕುರ್ಚಿಯಲ್ಲಿ ಕೂತರು. ಆಮೇಲೆ ಯಾವ ಯಾವ ಬೆರಳು ಉಳಿದಿವೆ ಎಂದು ಕೇಳಿದರು. ಗಿಟಾರನ್ನು ತೆಗೆದುಕೊಂಡು ತಿರುವಿ ಹಿಡಿದರು. ಕತ್ತು ಬಲಗೈಗೆ ಬಂತು. ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಮೀಟುವ ಬಿಲ್ಲೆ ಹಿಡಿದು, ಉಳಿದ ಮೂರು ಬೆರಳನ್ನು ಮಡಚಿ ನನಗೆ ತೋರಿಸಿದರು.

“ಎರಡು ಬೆರಳು ಇದೆ ಅಲ್ಲ? ಸಾಕು. ತಂತಿ ಎಲ್ಲಾ ಉಲ್ಟಾ ಹಾಕು. ಕತ್ತಿನ ತುದೀಲಿ ತಂತಿ ಕೂರೋ ಮೂಳೆಪಟ್ಟಿ ಬದಲಿಸಬೇಕು, ಆ ಮುಳಬಾಗಿಲು ಸಾಬಿ ಮಾಡ್ತಾರೆ. ಆರು ತಿಂಗಳು ತುಂಬಾ ಕಷ್ಟ. ಆಮೇಲೆ ಬರುತ್ತೆ. ನಾನು ನೋಡಿದೀನಿ, ಒಬ್ಬ ಹಾಗೇ ನುಡಿಸ್ತಿದ್ದ.” ಗಿಟಾರನ್ನು ನನಗೆ ಕೊಡುವಾಗ ಒಂದು ಕ್ಷಣ ಬಿಡದೆ ಹಿಡಿದುಕೊಂಡು, “ಅವನಿಗೆ ನಾಳೆನೇ ಹೇಳು. ಇಲ್ಲಿಗೆ ಕರ್ಕೊಂಡು ಬಾ, ನಾನು ಇರೋವರೆಗೆ ಕಲಿಸ್ತೀನಿ” ಎಂದರು.

ಹೇಳುತ್ತೇನೆ ಎಂದೆ. ರೈಲಿನಲ್ಲಿ ಬರುವಾಗ ಹೇಳಬೇಕೆಂದೇ ಇತ್ತು. ಬಂಗಾರಪೇಟೆಯಲ್ಲಿ ರೈಲು ಬದಲಿಸುವಾಗ, ಹೇಳಿದರೆ ಗಿಟಾರು ವಾಪಸು ಕೊಡಬೇಕಲ್ಲ ಎಂಬುದು ಹೊಳೆಯಿತು. ನವೆಂಬರಿನ ರಾಜ್ಯೋತ್ಸವಕ್ಕೆ ನಾಲ್ಕು ಕಾರ್ಯಕ್ರಮ ಇದ್ದವು. ಅದು ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಮಾಲೂರಿನಲ್ಲಿ ಇಳಿಯುವಾಗ, ಆರು ತಿಂಗಳು ಕಷ್ಟಪಟ್ಟೂ ಬಾರದಿದ್ದರೆ ಪಾಪ ಅವನ ಮನಸ್ಸು ಮತ್ತಷ್ಟು ಒಡೆಯುತ್ತದೆ, ಹೇಳದಿರುವುದೇ ಅವನಿಗೆ ಒಳ್ಳೆಯದು ಎಂದೂ ಅನ್ನಿಸಿತ್ತು.

ಅಷ್ಟರಲ್ಲಿ ಮುನಿರಾಜು ಕೆಲಸಕ್ಕೆ ಮರಳಿದ್ದ. ಗೇಟಿನಲ್ಲಿ ಕೂರಿಸಿದ್ದರು. ಸಂಜೆ ನನ್ನ ಕೋಣೆಗೆ ಬರುವುದನ್ನು ಬಿಟ್ಟಿರಲಿಲ್ಲ. ನುಡಿಸು ಎಂದು ಕೇಳಿ, ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದ. ಎರಡನೆಯ ಬೆರಳು ಸರಿಯಾಗಿ ಕೂರುತ್ತಿಲ್ಲ ಎಂದು ನೋಡದೆಯೇ ಹೇಳುತ್ತಿದ್ದ. ನಾನು ನುಡಿಸುವಾಗ ಅವನ ಎಡಗೈಯಲ್ಲಿ ಆ ಮೂರು ಬೆರಳಿದ್ದ ಜಾಗದ ಚರ್ಮ ಅಲುಗುತ್ತಿತ್ತು. ಇಲ್ಲದ ಬೆರಳಿನಿಂದ ಅವನು ಸ್ವರ ಹಿಡಿಯುತ್ತಿದ್ದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಹಾಗಾಗಿ ಅವನಿಗೆ ಬೆನ್ನು ಮಾಡಿ ಕೂತು ನುಡಿಸುವುದನ್ನು ಅಭ್ಯಾಸ ಮಾಡಿಕೊಂಡೆ.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು ಬಂದ.

“ಲೇ ಸೀನ, ವಿಕ್ಟರ್ ಸಾರ್ ತಾವ ಒಂದ್ಸಲ ಹೋಗ್ಬರೋಣ್ವಾ? ಈ ಎರಡು ಬೆರಳಲ್ಲಿ ಏನಾದ್ರೂ ಆಗ್ತದಾ ಅಂತ ಕೇಳ್ಬೇಕು. ಅವರು ಏನೇನೋ ನೋಡಿರೋರು.”

ನಾನು ಹಲ್ಲುಜ್ಜುತ್ತಿದ್ದೆ. ಬಾಯಿ ಮುಕ್ಕಳಿಸಿ ಉಗುಳುವಷ್ಟು ಸಮಯ ನನಗಿತ್ತು. “ಅವರು ಹೊರಟೋದ್ರು ಕಣೋ. ಹೋದ ವಾರಾನೇ” ಎಂದೆ.

“ನಂಗೊಂದು ಮಾತು ಹೇಳ್ದೆ ಹೋದ್ರಾ?”

“ನಿನ್ನ ಕೈ ವಿಷಯ ಹೇಳಿದ್ದೆ. ಆ ಸ್ಥಿತೀಲಿ ಅವನನ್ನ ನೋಡೋಕೆ ನಂಗೆ ಇಷ್ಟ ಇಲ್ಲ ಅಂದ್ರು.”

ಮೊದಲನೆಯ ಸುಳ್ಳು ಸಾಕಾಗಿತ್ತು. ಎರಡನೆಯದನ್ನು ಯಾಕೆ ಹೇಳಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ತಲೆಯಾಡಿಸಿದ. ಸರಿ ಬಿಡು ಎಂದ. ಅಂದಿನಿಂದ ನನ್ನ ಕೋಣೆಗೆ ಬರುವುದನ್ನು ನಿಲ್ಲಿಸಿದ. ವಿಕ್ಟರ್ ಆ ತಿಂಗಳ ಕೊನೆಯವರೆಗೆ, ಇನ್ನೂ ಹನ್ನೊಂದು ದಿನ, ಅಲ್ಲೇ ಇದ್ದರು. ದಿನವೂ ದಾರಿ ನೋಡಿರಬೇಕು.

ಇಷ್ಟೆಲ್ಲ ಮಾಡಿ ನಾನು ಏನಾದೆ ಎಂದರೆ, ಏನೂ ಆಗಲಿಲ್ಲ. ಮರುವರ್ಷದ ಹಬ್ಬಕ್ಕೆ ಆರ್ಕೆಸ್ಟ್ರಾದವರಿಗೆ ನನಗಿಂತ ಚೆನ್ನಾಗಿ ನುಡಿಸುವವನು ಸಿಕ್ಕ, ನನ್ನನ್ನು ಕೈಬಿಟ್ಟರು. ನನಗೆ ಸರ್ಕಾರಿ ಕೆಲಸ ಸಿಕ್ಕಿ ಮಾಲೂರು ಬಿಟ್ಟೆ. ಗಿಟಾರು ಎರಡು ಮನೆ ಬದಲಾಯಿಸಿತು, ಮೂರನೆಯ ಮನೆಯಲ್ಲಿ ಜಾಗ ಸಾಲದೆ ಯಾರೋ ಕೇಳಿದವರಿಗೆ ಕೊಟ್ಟೆ. ಮದುವೆಯಾಯಿತು. ಮಗಳು ಹುಟ್ಟಿದಳು. ಅವಳ ಬೆರಳುಗಳನ್ನು ಎಣಿಸಿ ನೋಡುವಾಗ ಮುನಿರಾಜು ನೆನಪಾದ. ಆಮೇಲೆ ಪದೇ ಪದೇ ನೆನಪಾಗತೊಡಗಿದ. ಊಟ ಸೇರುತ್ತಿರಲಿಲ್ಲ. ಒಮ್ಮೆ ಹೋಗಿ ಹೇಳಿಬಿಟ್ಟರೆ ಮುಗಿಯಿತು ಎಂದು ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ಒಂದು ಶನಿವಾರ ಅರ್ಧ ದಿನ ರಜೆ ಹಾಕಿ ಮಾಲೂರಿಗೆ ಹೋದೆ.

ಬಸ್ ಸ್ಟ್ಯಾಂಡಿನ ಹಿಂದೆ ಅವನು ಸೈಕಲ್ ಶಾಪು ಇಟ್ಟಿದ್ದ. ಹಿಂದಿನ ಕೋಣೆಯೇ ಮನೆ. ಹೆಂಡತಿ ರತ್ನಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ಎಡಗೈಯ ಎರಡು ಬೆರಳಲ್ಲಿ ಟ್ಯೂಬನ್ನು ಎಷ್ಟು ಚುರುಕಾಗಿ ಹಿಡಿದು ತಿರುಗಿಸುತ್ತಿದ್ದನೆಂದರೆ ನಾನು ಕಣ್ಣು ತೆಗೆಯಲಾಗದೆ ನಿಂತೆ. ನನ್ನನ್ನು ನೋಡಿ ಎದ್ದ. “ಬನ್ನಿ ಸಾರ್, ಕೂತ್ಕೊಳ್ಳಿ” ಎಂದು ಸ್ಟೂಲು ಒರೆಸಿ ಕೊಟ್ಟ. ಕಾಫಿ ತರಿಸಿದ. ಗಿಟಾರನ್ನು ಏನು ಮಾಡಿದಿರಿ ಎಂದು ಅವನು ಕೇಳಲಿಲ್ಲ. ಚೆನ್ನಾಗಿದ್ದ. ಮೈ ತುಂಬಿಕೊಂಡಿದ್ದ. ಆಗಲೇ ಎದ್ದು ಬಂದುಬಿಡಬಹುದಾಗಿತ್ತು.

ಹೇಳಿದೆ. ವಿಕ್ಟರ್ ಗಿಟಾರನ್ನು ತಿರುವಿ ಹಿಡಿದದ್ದು, ಎರಡು ಬೆರಳು ಸಾಕು ಎಂದದ್ದು, ಕರೆದುಕೊಂಡು ಬಾ ಎಂದದ್ದು, ಅವರು ಹೊರಟುಹೋದರೆಂದೂ ಅವನನ್ನು ನೋಡಲು ಇಷ್ಟ ಇಲ್ಲ ಎಂದರೆಂದೂ ನಾನು ಸುಳ್ಳು ಹೇಳಿದ್ದು, ಎಲ್ಲ. ತಪ್ಪಾಯಿತು ಎಂದೆ. ಹೇಳುತ್ತ ಹೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಅವನ ಕಣ್ಣಲ್ಲಿ ಬರಲಿಲ್ಲ.

ಅವನು ಕೇಳಿದ್ದು ಒಂದೇ. “ಎಷ್ಟು ತಿಂಗಳು ಆಗ್ತದೆ ಅಂದಿದ್ರು?”

“ಆರು ತಿಂಗಳು.”

“ಆರು ತಿಂಗಳಾ” ಎಂದ. ಟ್ಯೂಬನ್ನು ಕೆಳಗಿಟ್ಟ. ಬಲಗೈಯನ್ನು ಮುಂದೆ ಚಾಚಿ, ಅದರ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಂಡ. ಒಮ್ಮೆ, ಮತ್ತೆ ಇನ್ನೊಮ್ಮೆ. ಗಿರಾಕಿಯೊಬ್ಬ ಬಂದು ಸೈಕಲ್ ಆಯಿತಾ ಎಂದು ಕೇಳಿದ. ಅವನಿಗೆ ಕೇಳಿಸಲಿಲ್ಲ. ಗಿರಾಕಿ ಮತ್ತೆ ಕೇಳಿದ. ನಾನು ಬರುತ್ತೇನೆ ಎಂದೆ. ಅದೂ ಕೇಳಿಸಲಿಲ್ಲ.

ಬಸ್ಸಿಗೆ ಕಾಯುತ್ತಿರುವಾಗ ರತ್ನಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಬೈಯುತ್ತಾಳೆಂದು ಕಾದೆ. ಅವಳು ದನಿ ಏರಿಸಲಿಲ್ಲ.

“ಅವರು ಇಷ್ಟು ವರ್ಷ, ಹಣೇಲಿ ಬರೆದಿದ್ದು ಇಷ್ಟೇ ಅಂತ ಸುಮ್ನಿದ್ರು ಸಾರ್. ಒಂದಿನಾನೂ ಆ ಮಾತೆತ್ತಿಲ್ಲ. ಈಗ ಅಲ್ಲಿ ಬಲಗೈ ನೋಡ್ಕೊಂಡು ಕೂತವ್ರೆ, ಕರೆದ್ರೆ ಏಳ್ತಿಲ್ಲ. ನೀವು ನಿಮ್ಮೂರಿಗೆ ಹೋಗ್ತೀರಿ. ಇದನ್ನ ಹೇಳಕ್ಕೆ ಯಾಕೆ ಬಂದ್ರಿ?”

ನನಗೆ ಉತ್ತರ ಗೊತ್ತಿತ್ತು. ಕೋಲಾರದ ಬಸ್ಸು ಬಂತು, ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತಾಗಿ ಮೈಯೆಲ್ಲ ಹಗುರವಾಗಿತ್ತು. ಗಾಳಿ ತಣ್ಣಗೆ ಬೀಸುತ್ತಿತ್ತು. ನರಸಾಪುರ ದಾಟುವಷ್ಟರಲ್ಲಿ ನನಗೆ ಒಳ್ಳೆಯ ನಿದ್ದೆ ಹತ್ತಿತ್ತು.